ಶಾಂಭವಿಯ ದನಿ
ಗಂಡುಮಗನೆಂದು ಬೆಳೆಸಿದ ಮನೆಯನ್ನು ಬಿಟ್ಟು ಹೆಣ್ಣಾಗಿ ಬಾಳಿದ ಶಾಂಭವಿ ನಾರಾಯಣಪೇಟೆಯ ಸೀರೆ ಅಂಗಡಿಯೊಂದರಲ್ಲಿ ಮಾರಾಟಕ್ಕೆ ಕೂರುತ್ತಿದ್ದಳು. ಉಡುಗೆ, ಹೆಸರು ಎಲ್ಲವೂ ಒಮ್ಮೆಗೇ ಬಂದವು. ದನಿ ಮಾತ್ರ ಸತಾಯಿಸಿತು. ತೆಲಂಗಾಣ ರಾಜ್ಯವಾದ ವರ್ಷ ಶುರುವಾಯಿತು ಅದನ್ನು ಪಳಗಿಸುವ ಸಾಧನೆ. ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದವಳೇ ಗಿರಾಕಿಗಳು ಕೂರುವ ಖಾಲಿ ಚಾಪೆಯ ಕಡೆ ತಿರುಗಿ, 'ಬರ್ರಿ ಅಕ್ಕಾರ, ಕುಂದರ್‍ರಿ' ಎಂದು ಇಪ್ಪತ್ತು ಸಲ ಹೇಳುವಳು. ಪಕ್ಕದ ಹೂವಿನಂಗಡಿಯ ಗೆಳತಿ ಗುರಮ್ಮ ತಪ್ಪು ಹಿಡಿಯಬೇಕು. 'ಕನ್ನಡದಾಗ ಪೂರ್ತಿ ಹೆಣ್ಣಾಗೀನಿ ನೋಡವ್ವಾ, ತೆಲುಗಿನಾಗ ಮುಕ್ಕಾಲು. ಈ ಉರ್ದು ಒಂದ ನನ್ನ ಮಾತು ಕೇಳವಲ್ದು!' ಎನ್ನುವಳು ಶಾಂಭವಿ. ನಿಜವೇ, ಉರ್ದುವಿನಲ್ಲಿ ಚೌಕಾಸಿಗೆ ಇಳಿದರೆ ಹಳೆಯ ದನಿ ಗುಡುಗಿ, ಗಿರಾಕಿ ಹೌಹಾರಿ ಎದ್ದು ನಿಲ್ಲುತ್ತಿದ್ದ. ಗಂಟಲಿನ ಆಪರೇಷನ್ ಮಾಡಿದರೆ ದನಿ ತೆಳುವಾದೀತು, ಆದರೆ ಕೆಲವು ವಾರ ಮಾತಾಡುವಂತಿಲ್ಲ ಎಂದರು ಹೈದರಾಬಾದಿನ ಡಾಕ್ಟರು. 'ಅಷ್ಟು ದಿನ ಸುಮ್ಮನಿದ್ರ ಹೊಟ್ಟಿ ಉಬ್ಬಿ ಸಾಯ್ತೀನ್ರಿ' ಎಂದು ನಕ್ಕು ಸಾಧನೆಗೇ ಅಂಟಿಕೊಂಡಳು. ಗುರಮ್ಮನ ಹತ್ತಿರ ಮಾತ್ರ ಒಂದು ಭಯ ಹೇಳಿಕೊಳ್ಳುತ್ತಿದ್ದಳು: 'ಕಲ್ತಿದ್ದು ಎಚ್ಚರಿದ್ದಾಗ ಅಷ್ಟ ಬರ್ತೈತಿ. ಎಚ್ಚರ ತಪ್ಪಿದ್ರ ಬಾಯಾಗ ಯಾವ ದನಿ ಬರ್ತೈತೋ ಏನೋ.' ಅವಳು ತೀರಿಕೊಂಡದ್ದು ಹೋದ ಶ್ರಾವಣದಲ್ಲಿ, ಜ್ವರದಿಂದ. ಸಾಯುವ ಹಿಂದಿನ ದಿನ ಮಧ್ಯಾಹ್ನ ಆಸ್ಪತ್ರೆಯಲ್ಲಿ ಮೈಮೇಲೆ ಪ್ರಜ್ಞೆಯಿಲ್ಲದೆ ಬಡಬಡಿಸುತ್ತಿದ್ದಳು. ಪರದೆಯ ಆಚೆ ಮಲಗಿದ್ದ ಮಕ್ತಲದ ಮುದುಕಿ, ಇವಳ ಮುಖವನ್ನೇ ನೋಡದವಳು, ಮಗನನ್ನು ಗದರಿಸಿದಳು: 'ಆ ಹುಡುಗಿ ಆಗಿಂದ ನೀರು ಕೇಳಾಕತ್ಯಾಳ, ಕಿವಿ ಕೇಳಂಗಿಲ್ಲೇನೋ?' ಮಂಚದ ಪಕ್ಕ ಕೂತಿದ್ದ ಗುರಮ್ಮ ಆ ಮಾತನ್ನು ಶಾಂಭವಿಯ ಕಿವಿಗೆ ಬಾಯಿಟ್ಟು ಎರಡು ಸಲ ಹೇಳಿದಳು. ಶಾಂಭವಿ ಕಣ್ಣು ಬಿಡಲಿಲ್ಲ. ಆಸ್ಪತ್ರೆಯ ಹೊದಿಕೆಯ ಅಂಚನ್ನು ತಡವಿ ಹಿಡಿದು, ಸೆರಗಿನಂತೆ ಹೆಗಲ ಮೇಲೆ ಎಳೆದುಕೊಂಡಳು.