‘ಇದ್ದ ಹಾಗೆ’ ಎಂಬ ಗುಂಡಿ

ಬೀದಿದೀಪಗಳು ಇನ್ನೂ ಆರಿಲ್ಲ. ಲಾಂಡ್ರಿ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದೇ ಒಂದು ಕಿಟಕಿ ಬೆಳಗುತ್ತಿದೆ. ಒಳಗೆ ನಲವತ್ತರ ಆಸುಪಾಸಿನ ಹೆಂಗಸೊಬ್ಬರು ಬೆನ್ನಿಗೆ ದಿಂಬು ಆನಿಸಿಕೊಂಡು, ಕನ್ನಡಕವನ್ನು ಹಣೆಗೇರಿಸಿ, ಕಂಪ್ಯೂಟರ್ ಪರದೆಗೆ ಮೂಗು ತಾಗುವಷ್ಟು ಹತ್ತಿರ ಕೂತಿದ್ದಾರೆ. ಪರದೆಯ ಮೇಲೊಬ್ಬ ಮದುಮಗಳು ನಗುತ್ತಿದ್ದಾಳೆ. ಮುಖ ಹಾಲಿನಲ್ಲಿ ಅದ್ದಿ ತೆಗೆದಂತಿದೆ. ಮಡಿಲಲ್ಲಿಟ್ಟ ಕೈಗಳು ಮಾತ್ರ ಕಡುಗಂದು. ಬೇರೆ ಯಾರದೋ ತಲೆ ತಂದು ಇವಳ ಕತ್ತಿನ ಮೇಲೆ ಕೂರಿಸಿದ ಹಾಗಿದೆ.

“ಇದು ನಾನು ಮಾಡಿದ್ದಲ್ಲ,” ಎನ್ನುತ್ತಾರೆ ತಿರುಗದೆಯೇ. “ನನ್ನ ಹತ್ತಿರ ಬರೋ ಹೊತ್ತಿಗೇ ಸುಣ್ಣ ಬಳಿದಾಗಿರುತ್ತೆ. ಪುಣ್ಯಕ್ಕೆ ಇವಳಿಗೆ ಕೈ ಉಳಿದಿದೆ.”

ಪರದೆಯ ಅಂಚಿನಲ್ಲಿ ಬೂದು ಬಣ್ಣದ ಸಣ್ಣ ಗುಂಡಿಯೊಂದಿದೆ. ಅದರ ಮೇಲೆ ‘ಇದ್ದ ಹಾಗೆ’ ಎಂದು ಬರೆದಿದೆ. ಒತ್ತುತ್ತಾರೆ. ಗದ್ದದ ಕೆಳಗಿನ ನೆರಳು ಮೊದಲು ಬರುತ್ತದೆ. ಆಮೇಲೆ ಕಿವಿಯಂಚಿನ ಕಂದು, ಕಣ್ಣ ಕೆಳಗಿನ ತೆಳುಗಪ್ಪು, ಕೆನ್ನೆ. “ಬಾರಮ್ಮ, ಬಾ,” ಎಂದು ಮದುಮಗಳನ್ನು ಕರೆಯುತ್ತಾರೆ, ಹೊಸ್ತಿಲಲ್ಲಿ ನಿಂತ ನೆಂಟರ ಹುಡುಗಿಯನ್ನು ಒಳಗೆ ಕರೆದ ಹಾಗೆ.

ಫೋಟೊ ಸ್ಟುಡಿಯೊದವರೆಲ್ಲ ಇವರನ್ನು ಕರೆಯುವುದು ಬಣ್ಣದಕ್ಕ ಎಂದು. “ಹೆಸರಿಗೆ ಮಾತ್ರ ಬಣ್ಣದಕ್ಕ. ಬಣ್ಣದ ಮಾತು ನನಗೆ ಬರಲ್ಲ,” ಎಂದು ಮೊದಲೇ ಎಚ್ಚರಿಸುತ್ತಾರೆ. ‘ಇದ್ದ ಹಾಗೆ’ ಇವರದೇ ಕೈಯ ಕೆಲಸ. ಇಂಥದ್ದಕ್ಕೆ ಪ್ಲಗಿನ್ ಅನ್ನುತ್ತಾರೆ. ಫೋಟೊ ತಿದ್ದುವ ದೊಡ್ಡ ಸಾಫ್ಟ್‌ವೇರಿಗೆ ಹೊರಗಿನವರು ಬರೆದು ಜೋಡಿಸುವ ಚಿಕ್ಕ ಸಲಕರಣೆ ಅದು. ಹೊಲಿಗೆ ಯಂತ್ರ ಕಂಪನಿಯದೇ ಆದರೂ, ಕಾಜ ಹೊಲಿಯುವ ಪಾದವನ್ನು ಬೇರೆ ತಂದು ಸಿಕ್ಕಿಸುವುದಿಲ್ಲವೇ, ಹಾಗೆ.

ಹೊಲಿಗೆಯ ಮಾತು ಸುಮ್ಮನೆ ಬಂದದ್ದಲ್ಲ. ಬಣ್ಣದಕ್ಕನ ಅಮ್ಮ ರಫೂ ಹಾಕುವವರು. ಹರಿದ ಕೋಟು, ಇಲಿ ಕಡಿದ ಶಾಲು, ಸಿಗರೇಟಿನ ಕಿಡಿ ಬಿದ್ದ ಪ್ಯಾಂಟು ಎಲ್ಲವೂ ಆ ಮನೆಗೆ ಬರುತ್ತಿದ್ದವು. ಇವರಿಗೂ ಇವರ ಅಕ್ಕನಿಗೂ ದಾರ ಹುಡುಕಿ ಕೊಡುವ ಕೆಲಸ. ಕಪ್ಪು ಎಂದರೆ ಒಂದು ಕಪ್ಪಲ್ಲ, ಕಂದು ಎಂದರೆ ಒಂದು ಕಂದಲ್ಲ ಎಂಬುದು ಅಲ್ಲಿ ಕಲಿತ ಮೊದಲ ಪಾಠ. “ದಾರ ಬಟ್ಟೆಗೆ ಹೊಂದಬೇಕು ಕಣೇ, ಬಟ್ಟೆ ದಾರಕ್ಕಲ್ಲ ಅಂತ ಅಮ್ಮ ತಲೆ ಮೇಲೆ ಮೊಟಕೋರು. ನಾನು ಮಾಡಿರೋದೂ ಅಷ್ಟೇ.”

ಆ ಅಕ್ಕ ಮುಂದೆ ಗಿಡಗಳ ನರ್ಸರಿಯಲ್ಲಿ ಕೆಲಸಕ್ಕಿದ್ದಳು. ದಿನವಿಡೀ ಬಿಸಿಲು, ಮೈಬಣ್ಣ ಒದ್ದೆ ಮಣ್ಣಿನಂತೆ. ಅವಳ ಮದುವೆಯ ಫೋಟೊ ತೆಗೆದ ಸ್ಟುಡಿಯೊದವರು ಯಾರನ್ನೂ ಕೇಳದೆ ಅವಳ ಮುಖವನ್ನು ಬೆಳ್ಳಗೆ ಮಾಡಿಕೊಟ್ಟರು. ‘ಸೇವೆ’ಯಲ್ಲಿ ಅದೂ ಸೇರಿತ್ತಂತೆ. ಮನೆಯವರು ನಕ್ಕು ಸುಮ್ಮನಾದರು. ಅಕ್ಕನೂ “ಯಾರೇ ಇವಳು, ಸವತಿ ಇರಬೇಕು” ಎಂದು ತಮಾಷೆ ಮಾಡಿ ಆಲ್ಬಮ್ಮನ್ನು ಬೀರುವಿಗೆ ಸೇರಿಸಿದಳು. ಕ್ಯಾಮೆರಾ ಕಂಡರೆ ಓಡುತ್ತಿದ್ದ ಹೆಂಗಸು. ಬೇರೆ ಫೋಟೊ ಎಂದರೆ ಬೆನ್ನು ಕಾಣುವಂಥವು ಒಂದೆರಡು.

ಮಗಳು ಇನ್ನೂ ತೊದಲುತ್ತಿದ್ದಾಗ ಅಕ್ಕ ಜ್ವರ ಹಿಡಿದು ತೀರಿಕೊಂಡಳು. ಗೋಡೆಗೆ ಹಾಕಲು ಇದ್ದದ್ದು ಆ ಮದುವೆಯ ಫೋಟೊ ಒಂದೇ. ಅದನ್ನು ತೋರಿಸಿ ಅಮ್ಮ ಎಂದರೆ ಮಗು ತಲೆ ಅಲ್ಲಾಡಿಸುತ್ತಿತ್ತು. “ಇದು ಅಮ್ಮ ಅಲ್ಲ” ಎಂದು ಕಿರುಚಿ, ಅಮ್ಮನನ್ನು ಹುಡುಕಿಕೊಂಡು ಅಡುಗೆಮನೆಗೆ ಹೋಗುತ್ತಿತ್ತು. ಬಣ್ಣದಕ್ಕನ ಭಾವ ಎಲೆಕ್ಟ್ರಿಷಿಯನ್, ಅಳೆದು ತೂಗಿ ಮಾತಾಡುವವರು. ಆ ದಿನಗಳ ಬಗ್ಗೆ ಕೇಳಿದರೆ ಒಂದೇ ಮಾತು ಹೇಳುತ್ತಾರೆ: “ಆ ಫೋಟೊ ಎದುರು ಕೂತು ಅಳೋಕೂ ಆಗ್ತಿರಲಿಲ್ಲ. ಗುರುತಿಲ್ಲದವರ ಮುಂದೆ ಹೇಗೆ ಅಳೋದು ಹೇಳಿ?”

ಸ್ಟುಡಿಯೊಗೆ ಓಡಿದರೆ ಮೂಲ ಚಿತ್ರ ಅಳಿಸಿ ಎಷ್ಟೋ ಕಾಲವಾಗಿತ್ತು. ಆಗ ಬಣ್ಣದಕ್ಕನೂ ಇನ್ನೊಂದು ಸ್ಟುಡಿಯೊದಲ್ಲಿ ಫೋಟೊ ತಿದ್ದುವ ಕೆಲಸಕ್ಕೆ ಸೇರಿದ್ದರು. ಅಕ್ಕನ ಫೋಟೊವನ್ನು ಸ್ಕ್ಯಾನ್ ಮಾಡಿ ದಿಟ್ಟಿಸಿದರು. ಬೆಳ್ಳಗೆ ಮಾಡಿದವನು ಸೋಮಾರಿ. ಮುಖ ತಿದ್ದಿ ಕೈಗಳನ್ನು ಹಾಗೇ ಬಿಟ್ಟಿದ್ದ. ಕೈಯ ಬಣ್ಣ ತೆಗೆದು, ಬೆಳಕು ಬಿದ್ದ ಕಡೆ ಬೇರೆ, ನೆರಳಿನ ಕಡೆ ಬೇರೆ ಎಂದು ಲೆಕ್ಕ ಹಾಕಿ, ಮುಖಕ್ಕೆ ತುಂಬಿದರು. ವಾರಗಟ್ಟಲೆ ಹಿಡಿಯಿತು. ಮುಗಿದ ಚಿತ್ರವನ್ನು ಗೋಡೆಗೆ ಹಾಕಿದ ದಿನ ಮಗು ಕುರ್ಚಿ ಎಳೆದು, ಹತ್ತಿ, ಗಾಜಿಗೆ ಕೆನ್ನೆ ಒತ್ತಿ ನಿಂತಿತು.

“ಇನ್ನೆಷ್ಟು ಮನೇಲಿ ಹೀಗಾಗಿದೆಯೋ ಅನ್ನಿಸ್ತು,” ಎನ್ನುತ್ತಾರೆ ಬಣ್ಣದಕ್ಕ. ಒಂದೊಂದನ್ನೂ ವಾರಗಟ್ಟಲೆ ತಿದ್ದುತ್ತ ಕೂರಲಾಗದು. ಹಾಗಾಗಿ ಕೈ ಮಾಡಿದ ಕೆಲಸವನ್ನು ಯಂತ್ರಕ್ಕೆ ಹೇಳಿಕೊಡಲು ಹೊರಟರು. ಭಾವ ಯಾವುದೋ ಕಚೇರಿಯವರು ಎಸೆದಿದ್ದ ಕಂಪ್ಯೂಟರ್ ತಂದು ರಿಪೇರಿ ಮಾಡಿಕೊಟ್ಟರು. ಪ್ರೋಗ್ರಾಂ ಬರೆಯುವುದನ್ನು ಪುಕ್ಕಟೆ ವಿಡಿಯೊಗಳಿಂದ, ಅರ್ಥವಾಗದ ಕಡೆ ಹತ್ತು ಸಲ ಹಿಂದಕ್ಕೆ ಸರಿಸಿ ನೋಡಿ ಕಲಿತರು. ಒಂದು ಅಲ್ಪವಿರಾಮ ತಪ್ಪಿದ್ದಕ್ಕೆ ಇಡೀ ಭಾನುವಾರ ಹಾಳಾದದ್ದುಂಟು. ಮೊದಲ ಪ್ರಯತ್ನದಲ್ಲಿ ಮದುಮಗನೊಬ್ಬ ಬದನೆಕಾಯಿ ಬಣ್ಣಕ್ಕೆ ತಿರುಗಿದ. “ಅವನ ಫೋಟೊ ಇನ್ನೂ ಇಟ್ಕೊಂಡಿದ್ದೀನಿ. ಬೇಜಾರಾದಾಗ ನೋಡಿ ನಗ್ತೀನಿ.”

ಕೊನೆಗೆ ‘ಇದ್ದ ಹಾಗೆ’ ಕೆಲಸ ಮಾಡತೊಡಗಿತು. ಅದನ್ನು ಸಾಫ್ಟ್‌ವೇರ್ ಕಂಪನಿಯದೇ ಪ್ಲಗಿನ್ ಮಳಿಗೆಯಲ್ಲಿ ಎಲ್ಲರಿಗೂ ಉಚಿತವಾಗಿ ಇಟ್ಟರು. ಷರತ್ತು ಒಂದೇ: ಯಾರು ಬೇಕಾದರೂ ತೆಗೆದುಕೊಳ್ಳಿ, ಬದಲಾಯಿಸಿ, ಹಂಚಿ, ಬೆಳ್ಳಗೆ ಮಾಡಲು ಮಾತ್ರ ಬಳಸಬೇಡಿ.

ಎಲ್ಲೆಲ್ಲಿಂದಲೋ ಜನ ತೆಗೆದುಕೊಂಡರು. ಬಸ್ ಚಾಲಕರೊಬ್ಬರ ಕಥೆ ಕೇಳಬೇಕು. ಪರವಾನಗಿ ನವೀಕರಣಕ್ಕೆ ಹೋದರೆ, ಫೋಟೊದಲ್ಲಿರುವವನೂ ಎದುರಿಗಿರುವವನೂ ಬೇರೆ ಎಂದಿತು ಕಚೇರಿಯ ಯಂತ್ರ. ಫೋಟೊ ಅಂಗಡಿಯವರು ಅವರನ್ನು ಗೋಧಿಬಣ್ಣದ ಸಾಹೇಬರನ್ನಾಗಿ ಮಾಡಿಬಿಟ್ಟಿದ್ದರು. “ನಾನೇ ನಾನು ಅಂತ ಸಾಕ್ಷಿ ತಗೊಂಡು ಬಾ ಅಂದ್ರು ಸ್ವಾಮಿ! ಹೆಂಡ್ತೀನ ಕರ್ಕೊಂಡು ಬರ್ಲಾ ಅಂದೆ. ಅದು ನಡೆಯಲ್ಲ ಅಂದ್ರು,” ಎಂದು ಅವರು ಇಂದಿಗೂ ಕುದಿಯುತ್ತಾರೆ. ಕಚೇರಿಗೆ ಅಲೆದು ಚಪ್ಪಲಿ ಸವೆಸಿದ ಮೇಲೆ ಯಾರೋ ಬಣ್ಣದಕ್ಕನ ಮನೆ ತೋರಿಸಿದರು. ಆಗ ಅವರಿಗೆ ಅವರ ಮುಖ ವಾಪಸ್ ಸಿಕ್ಕಿತು.

ಇಲ್ಲಿಗೆ ನಿಂತಿದ್ದರೆ ಇದೊಂದು ಸಂತೋಷದ ಲೇಖನವಾಗುತ್ತಿತ್ತು.

ಸಾಫ್ಟ್‌ವೇರಿನ ಹೊಸ ಆವೃತ್ತಿ ಬಂತು. ಅದರಲ್ಲಿ ‘ಹೊಳಪು’ ಎಂಬ ಹೊಸ ಸೌಲಭ್ಯ. ಚಿತ್ರ ತೆರೆದರೆ ಸಾಕು, ಮುಖ ಹುಡುಕಿ ಬೆಳ್ಳಗೆ ಮಾಡುತ್ತದೆ; ಅಷ್ಟಕ್ಕೆ ಬಿಡದೆ ಕೈ, ಕತ್ತುಗಳನ್ನೂ ಹುಡುಕಿ ಅದೇ ಬಣ್ಣಕ್ಕೆ ಹೊಂದಿಸುತ್ತದೆ. ಸ್ಟುಡಿಯೊದವರು ಬಾಯಿ ಬಿಟ್ಟು ನೋಡಿದರು. ಬಣ್ಣದಕ್ಕ ನೋಡಿದ್ದು ಬೇರೆಯದನ್ನು. ‘ಇದ್ದ ಹಾಗೆ’ಗೆ ಒಂದು ದೋಷವಿತ್ತು: ಕೈಯಲ್ಲಿ ಕೆಂಪು ಹೂಗುಚ್ಛ ಹಿಡಿದಿದ್ದರೆ ಎಡಗೆನ್ನೆಗೆ ತಾಮ್ರದ ಛಾಯೆ ಬರುತ್ತಿತ್ತು. ಲೆಕ್ಕದಲ್ಲಿ ತಾವೇ ಮಾಡಿದ್ದ ತಪ್ಪು, ಇನ್ನೂ ಸರಿಪಡಿಸಿರಲಿಲ್ಲ. ‘ಹೊಳಪು’ ಹಾಕಿ ನೋಡಿದರೆ, ಕೆಂಪು ಹೂಗುಚ್ಛ ಹಿಡಿದ ಮದುಮಗಳ ಎಡಗೆನ್ನೆಯ ಮೇಲೆ ಅದೇ ತಾಮ್ರ. ಬೇರೆ ಬೇರೆ ಚಿತ್ರ ಹಾಕಿ ನೋಡಿದರು. ಎಲ್ಲದರಲ್ಲೂ ಅಲ್ಲೇ, ಅಷ್ಟೇ.

“ಕದ್ದವರು ನನ್ನ ತಪ್ಪನ್ನೂ ಬಿಡದೆ ಕದ್ದಿದ್ರು,” ಎನ್ನುತ್ತಾರೆ. ಆ ಮಾತಿಗೆ ನಗು ಬರುತ್ತದೆ. ಮುಂದಿನ ಮಾತಿಗೆ ಬರುವುದಿಲ್ಲ. “ಕದ್ದರೆ ಕದೀಲಿ. ಕೊಟ್ಟೇ ಇದ್ನಲ್ಲ! ಆದ್ರೆ ತಿರುಗಿಸಿ ಹಾಕಿದ್ರು ನೋಡಿ. ಮುಂಚೆ ಕೈ ಒಂದಾದ್ರೂ ಉಳೀತಿತ್ತು, ಅದನ್ನ ಹಿಡ್ಕೊಂಡು ನಾನು ಮುಖ ಹುಡುಕ್ತಿದ್ದೆ. ನನ್ನ ಲೆಕ್ಕನೇ ಇಟ್ಕೊಂಡು ಆ ಕೈಯನ್ನೂ ಬೆಳ್ಳಗೆ ಮಾಡಿದ್ರು. ವಾಪಸ್ ಬರೋ ದಾರಿನೂ ಮುಚ್ಚಿದ್ರು.”

ಕಂಪನಿಗೆ ಬರೆದರು. “ನಿಮ್ಮ ಸಲಹೆಗೆ ಧನ್ಯವಾದ, ನಿಮ್ಮಂಥ ಬಳಕೆದಾರರೇ ನಮ್ಮ ಶಕ್ತಿ” ಎಂಬ ಉತ್ತರ ಕ್ಷಣದಲ್ಲೇ ಬಂತು. ಓದಿದ ಮನುಷ್ಯ ಯಾರೂ ಇರಲಿಲ್ಲ ಎಂಬುದಕ್ಕೆ ಆ ವೇಗವೇ ಸಾಕ್ಷಿ. ಮತ್ತೆ ಬರೆದರು. ಮತ್ತೆ ಧನ್ಯವಾದ. ಕೆಲವು ವಾರ ಕಳೆದ ಮೇಲೆ ‘ಇದ್ದ ಹಾಗೆ’ಯನ್ನು ಮಳಿಗೆಯಿಂದ ಕಿತ್ತುಹಾಕಿದರು. ಕಾರಣವನ್ನು ಓದುಗರು ಕುರ್ಚಿ ಹಿಡಿದುಕೊಂಡು ಕೇಳಬೇಕು: ಕಂಪನಿಯ ಸಾಫ್ಟ್‌ವೇರಿನಲ್ಲಿ ಈಗಾಗಲೇ ಇರುವ ಸೌಲಭ್ಯವನ್ನು ಇದು ನಕಲು ಮಾಡುತ್ತದೆಯಂತೆ! ಕೋತಿ ತಾನು ಬೆಣ್ಣೆ ತಿಂದು ಮೇಕೆಯ ಮೂತಿಗೆ ಒರೆಸಿತು ಎಂದು ಹಿರಿಯರು ಹೇಳಿದ್ದು ಕಟ್ಟುಕಥೆಯಲ್ಲ.

ಈ ಲೇಖನಕ್ಕಾಗಿ ಕಂಪನಿಯವರನ್ನು ನಾನೂ ಸಂಪರ್ಕಿಸುತ್ತೇನೆ. “ನಾವು ಹಲವು ಮೂಲಗಳಿಂದ ಸ್ಫೂರ್ತಿ ಪಡೆಯುತ್ತೇವೆ” ಎನ್ನುತ್ತಾರೆ ವಕ್ತಾರರು, ಜೇನು ಸವರಿದ ದನಿಯಲ್ಲಿ. ಪರರ ಜೇಬಿಗೆ ಕೈ ಹಾಕುವುದಕ್ಕೆ ಈಗ ಸ್ಫೂರ್ತಿ ಎಂಬ ಹೆಸರು ಬಂದಿರುವುದು ನನಗೆ ಗೊತ್ತಿರಲಿಲ್ಲ.

ಇತ್ತ ಬಣ್ಣದಕ್ಕ ಕೆಲಸ ಮಾಡುತ್ತಿದ್ದ ಸ್ಟುಡಿಯೊದ ಮಾಲೀಕರು, ಇನ್ನು ಮುಂದೆ ಎಲ್ಲ ಚಿತ್ರಕ್ಕೂ ‘ಹೊಳಪು’ ಎಂದು ಅಪ್ಪಣೆ ಹೊರಡಿಸಿದರು. “ನಿನಗೇನಮ್ಮ ಕಷ್ಟ? ಒಂದು ಗುಂಡಿ ಒತ್ತೋದು ತಾನೇ?” ಎಂದರು. “ಒತ್ತೋ ಬೆರಳು ನನ್ನದಲ್ವಾ ಅಣ್ಣ,” ಎಂದು ಹೇಳಿ, ದಿಂಬನ್ನು ಕಂಕುಳಲ್ಲಿ ಇರುಕಿಕೊಂಡು ಬಣ್ಣದಕ್ಕ ಮೆಟ್ಟಿಲಿಳಿದರು. ಅಂದಿನಿಂದ ಈ ಲಾಂಡ್ರಿ ಮೇಲಿನ ಕೋಣೆಯೇ ಮನೆ, ಕಚೇರಿ ಎಲ್ಲ. ಕೆಳಗಿನ ಇಸ್ತ್ರಿಯ ಹಬೆ ನೆಲದಿಂದ ಏರುವ ಮೊದಲು ಆದಷ್ಟು ಕೆಲಸ ಮುಗಿಸಬೇಕು. ಅದಕ್ಕೇ ಈ ನಸುಕಿನ ದುಡಿಮೆ. ಕಣ್ಣು ಉರಿಯುತ್ತದೆ, ಸೊಂಟ ಹಿಡಿಯುತ್ತದೆ. ಜೊತೆಗಿರುವ ಅಕ್ಕನ ಮಗಳು ಈಗ ಹೈಸ್ಕೂಲು. ಮಂಚದಿಂದಲೇ ದನಿ ಬರುತ್ತದೆ: “ಚಿಕ್ಕಮ್ಮಾ, ಬೆನ್ನು ನೆಟ್ಟಗೆ!” ಚಿಕ್ಕಮ್ಮ ನೆಟ್ಟಗಾಗುತ್ತಾರೆ, ಒಂದು ನಿಮಿಷದ ಮಟ್ಟಿಗೆ.

ಹೊಸ ‘ಇದ್ದ ಹಾಗೆ’ ಕೈಯನ್ನಷ್ಟೇ ನಂಬಿ ಕೂರುವುದಿಲ್ಲ. ಕಿವಿಯ ಹಿಂದೆ, ಬೈತಲೆಯಲ್ಲಿ, ಬೆರಳ ಸಂದಿಯಲ್ಲಿ, ‘ಹೊಳಪು’ ತಲುಪದ ಚೂರುಪಾರು ಜಾಗಗಳಲ್ಲಿ ನಿಜವಾದ ಬಣ್ಣವನ್ನು ಹುಡುಕುತ್ತದೆ. “ಅವರು ಕೈ ಕಿತ್ಕೊಂಡ್ರು, ನಾನು ಕಿವಿ ಹಿಡ್ಕೊಂಡೆ,” ಎಂದು ನಗುತ್ತಾರೆ. ತಾಮ್ರದ ದೋಷವನ್ನೂ ಸರಿಪಡಿಸಿದ್ದಾರೆ. ಕಂಪನಿಯದರಲ್ಲಿ ಅದು ಇನ್ನೂ ಹಾಗೇ ಇದೆ. ಮಳಿಗೆ ಬಾಗಿಲು ಮುಚ್ಚಿದರೂ ಫೋಟೊಗ್ರಾಫರುಗಳು ಪೆನ್‌ಡ್ರೈವಿನಲ್ಲಿ ಒಬ್ಬರಿಂದ ಒಬ್ಬರಿಗೆ ಇದನ್ನು ದಾಟಿಸುತ್ತಿದ್ದಾರೆ.

ಬೆಳ್ಳಗೆ ಮಾಡಿ ಎಂದು ಮದುಮಗಳೇ ಕೇಳಿದರೆ? ಈ ಪ್ರಶ್ನೆಗೆ ಬಣ್ಣದಕ್ಕ ಮುನಿಯುವುದಿಲ್ಲ. “ಮಾಡ್ತೀನಿ. ಅವರ ಮುಖ, ಅವರಿಷ್ಟ. ಆದ್ರೆ ಪ್ರಿಂಟಿಗೆ ಹಾಕೋ ಮುಂಚೆ ಫೋನ್ ಮಾಡಿ ಕೇಳ್ತೀನಿ, ನಿಮ್ಮನ್ನ ನಿಮ್ಮ ಹಾಗೇ ಇಡ್ಲಾ ಅಂತ. ಒಬ್ಬಳು ಅತ್ತೇಬಿಟ್ಲು. ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ ಅಕ್ಕ ಅಂದ್ಲು.”

ಈ ಲೇಖನದ ಜೊತೆಗಿರುವ ಅವರ ಚಿತ್ರವನ್ನು ನಮ್ಮ ಪತ್ರಿಕೆಯ ಛಾಯಾಗ್ರಾಹಕರು ತೆಗೆದರು. ಪುಟದ ಕರಡು ಅಚ್ಚಾಗಿ ಬಂದಾಗ ನೋಡುತ್ತೇನೆ: ಬಣ್ಣದಕ್ಕ ಬೆಳ್ಳಗಿದ್ದಾರೆ! ಯಾರ ಮುಖಕ್ಕಾಗಿ ಇಷ್ಟೆಲ್ಲ ಬರೆದೆನೋ ಅದೇ ಮುಖಕ್ಕೆ, ನಮ್ಮದೇ ಕಚೇರಿಯಲ್ಲಿ, ಸುಣ್ಣ. ಕೋಪದಿಂದ ಕರಡು ಹಿಡಿದು ಪುಟ ವಿನ್ಯಾಸದ ಗೆಳೆಯನ ಮೇಜಿಗೆ ಓಡುತ್ತೇನೆ. ಅವನು ತಬ್ಬಿಬ್ಬಾಗುತ್ತಾನೆ. “ದೇವರಾಣೆ ನಾನೇನೂ ಮಾಡಿಲ್ಲ ಮಾರಾಯ! ಚಿತ್ರ ತೆರೆದೆ, ಪುಟಕ್ಕೆ ಹಾಕಿದೆ. ಅದು ತಾನಾಗೇ ಮಾಡುತ್ತೆ.” ಸಾಫ್ಟ್‌ವೇರಿನಲ್ಲಿ ‘ಹೊಳಪು’ ಎಷ್ಟಿರಬೇಕೆಂದು ಎಳೆದು ಹೊಂದಿಸುವ ಗೆರೆ ಮೊದಲೇ ಅರ್ಧದಲ್ಲಿ ನಿಂತಿತ್ತು. ಕಂಪನಿಯಿಂದ ಬಂದದ್ದೇ ಹಾಗೆ. ಅವನು ಅದನ್ನು ಸೊನ್ನೆಗೆ ಎಳೆದ. ಚಿತ್ರ ಸರಿಹೋಯಿತು.

ಬೈಸಿಕೊಳ್ಳಲು ಸಿದ್ಧನಾಗಿ ಬಣ್ಣದಕ್ಕನಿಗೆ ಫೋನ್ ಮಾಡಿ ನಡೆದದ್ದನ್ನು ಹೇಳುತ್ತೇನೆ. ಆ ಕಡೆ ಕೆಳಗಿನ ಇಸ್ತ್ರಿಯ ಹಬೆ ಬುಸುಗುಟ್ಟುವುದು ಕೇಳಿಸುತ್ತದೆ.

“ಪಾಪ, ಅವರನ್ನ ಬೈಬೇಡಿ,” ಎನ್ನುತ್ತಾರೆ. “ಆದ್ರೆ ಒಂದು ಹೇಳಿ ಅವರಿಗೆ. ತಾನಾಗೇ ಅನ್ನೋದು ಯಾವುದೂ ಇಲ್ಲ. ಯಾರೋ ಒಬ್ಬರು ಕುರ್ಚಿ ಮೇಲೆ ಕೂತು, ಆ ಗೆರೆ ಎಲ್ಲಿ ನಿಲ್ಲಬೇಕು ಅಂತ ತೀರ್ಮಾನ ಮಾಡಿರ್ತಾರೆ.”

ಕಂಪನಿಯವರು ಈ ಲೇಖನ ಓದಿದರೆ ಅವರಿಗೆ ಏನು ಹೇಳಲಿ ಎಂದು ಕೇಳುತ್ತೇನೆ. ಕದ್ದದ್ದನ್ನು ಒಪ್ಪಿಕೊಳ್ಳಲಿ, ಕ್ಷಮೆ ಕೇಳಲಿ ಎಂದಾರೆಂದು ಪೆನ್ನು ಹಿಡಿದು ಕಾಯುತ್ತೇನೆ.

“ನನ್ನ ಹೆಸರು ಎಲ್ಲೂ ಹಾಕೋದು ಬೇಡ,” ಎನ್ನುತ್ತಾರೆ ಬಣ್ಣದಕ್ಕ. “ಗೆರೆ ಸೊನ್ನೆಯಿಂದ ಶುರು ಮಾಡಲಿ. ಬೇಕಾದವರು ಎಳ್ಕೊಳ್ತಾರೆ.”