ಸಂತೆಗೆ ಬಂದ ಮಡಚುವ ತೊಟ್ಟಿಲು

"ನಡಿಬೇ, ಆಕಿ ಖಾಲಿ ತೊಟ್ಲ ತೂಗಾಕತ್ತಾಳ, ನೋಡಬ್ಯಾಡ!" ಎಂದು ಅತ್ತೆ ಕಲಘಟಗಿ ಸಂತೆಯಲ್ಲಿ ನನ್ನ ತೋಳು ಜಗ್ಗಿದರು. ಮೊಮ್ಮಕ್ಕಳೇ, ಅದು ಎಂಬತ್ತರ ದಶಕ. ನಿಮ್ಮಪ್ಪ ಆಗ ನನ್ನ ಬಗಲಲ್ಲಿದ್ದ ಕೂಸು.

ತೂಗುತ್ತಿದ್ದವಳು ಪರವೂರಿನ ಹುಡುಗಿ. ಹೊಸ ಸಾಮಾನುಗಳ ವಿನ್ಯಾಸ ಮಾಡುವ ಓದು ಆಗಷ್ಟೇ ಮುಗಿಸಿ, ತಾನೇ ಯೋಚಿಸಿ ಮಾಡಿಸಿದ ಮೊದಲ ಸಾಮಾನನ್ನು ಮಾರಲು ತಂದಿದ್ದಳು. ಹೊಲಕ್ಕೆ ಹೊತ್ತೊಯ್ಯಬಹುದಾದ, ಮಡಚುವ ತೊಟ್ಟಿಲು. "ನೋಡಿ, ಎಷ್ಟು ಹಗುರವಾಗಿ ತೂಗುತ್ತೆ" ಎಂದು ಅವಳು ತೂಗಿದಷ್ಟೂ ಹೆಂಗಸರು ದೂರ ಸರಿಯುತ್ತಿದ್ದರು. ಖಾಲಿ ತೊಟ್ಟಿಲು ತೂಗಿದರೆ ಕೂಸಿಗೆ ಕೇಡು ಎಂಬ ನಮ್ಮ ಕಡೆಯ ನಂಬಿಕೆ ಅವಳಿಗೆ ಗೊತ್ತಿರಲಿಲ್ಲ. ಮುಖ ಬಾಡಿಹೋಗಿತ್ತು.

ಹೊರಗಿನವರ ಮುಂದೆ ಬಾಯಿ ಬಿಡದ ನನಗೆ ಅಂದು ಎಲ್ಲಿಂದ ಧೈರ್ಯ ಬಂತೋ. ಹೋಗಿ ನಿಮ್ಮಪ್ಪನನ್ನು ಅದರಲ್ಲಿ ಮಲಗಿಸಿ, "ಈಗ ತೂಗವಾ" ಎಂದೆ. ಹೆಂಗಸರು ಒಬ್ಬೊಬ್ಬರಾಗಿ ತಿರುಗಿ ಬಂದರು. ಅಷ್ಟರಲ್ಲಿ ಕೂಸಿಗೆ ನಿದ್ದೆ ಹತ್ತಿತ್ತು.

ಅತ್ತೆ ಬೈಯುತ್ತಾರೆಂದು ತಲೆ ತಗ್ಗಿಸಿ ನಿಂತೆ. ಅವರು ಹುಡುಗಿಯ ಕಡೆ ತಿರುಗಿ, "ಮಲಗಿದ ಕೂಸನ್ನ ಎಬ್ಬಸೂದು ಹೆಂಗ? ತೊಟ್ಲ ನಮಗ ಕೊಡು. ಬೋಣಿಗಿ ನಮ್ಮದ ಆಗ್ಲಿ" ಎಂದರು. ಹುಡುಗಿ ನಗುತ್ತಲೇ ಕಣ್ಣೊರೆಸಿಕೊಂಡಳು.

ನಿಮ್ಮಜ್ಜ ಇದ್ದಾಗ ಅದಕ್ಕೆ ಹೊಸ ಬಟ್ಟೆ ಹೊಲಿಸಿದ್ದರು. ನೀವೂ ಅದರಲ್ಲೇ ಮಲಗಿದವರು. ಈಗ ಅಟ್ಟದ ಮೇಲೆ ಮಡಚಿಟ್ಟಿದ್ದೇನೆ. ಮಡಚಿದ ತೊಟ್ಟಿಲನ್ನು ಖಾಲಿ ತೂಗಲು ಬರುವುದಿಲ್ಲ. ಆ ಹುಡುಗಿ, ತನಗೆ ಗೊತ್ತಿಲ್ಲದೆಯೇ, ನಮ್ಮಂಥವರಿಗಾಗಿಯೇ ಅದನ್ನು ಮಾಡಿದ್ದಳು.