ವಕೀಲರ ಜಪಾನಿ ಗಾಡಿ

ವಕೀಲರು ಆ ಗಾಡಿಯನ್ನು ಗೋವಾದಿಂದ ತಂದ ದಿನ ಸೀದಾ ಮನೆಗೆ ಹೋಗಲಿಲ್ಲ, ನನ್ನ ಗ್ಯಾರೇಜಿಗೆ ಬಂದರು. ರಿಪೇರಿಗಲ್ಲ, ತೋರಿಸಲಿಕ್ಕೆ. ಶಿರಸಿಯಲ್ಲಿ ಯಲ್ಲಾಪುರ ರಸ್ತೆಯ ಬದಿಗೆ ನಾನು ಗ್ಯಾರೇಜು ಹಾಕಿ ಇಪ್ಪತ್ತೈದು ವರ್ಷದ ಮೇಲಾಯಿತು. ಹೀಗೆ ತೋರಿಸಲಿಕ್ಕೆ ಬರುವವರನ್ನು ಬೇಕಾದಷ್ಟು ಕಂಡಿದ್ದೇನೆ. ಅವರು ಬಾನೆಟ್ ಎತ್ತಿ ಪಕ್ಕಕ್ಕೆ ಸರಿದು ನಿಲ್ಲುತ್ತಾರೆ, ನಾವು ಬಗ್ಗಿ ನೋಡಿ ಬಾಯಿ ಬಿಡಬೇಕು.

“ಇದು ಇಲ್ಲಿ ಜೋಡಿಸಿದ್ದಲ್ಲ ಮಾರಾಯ,” ಅಂದರು. “ಜಪಾನಲ್ಲೇ ತಯಾರಾಗಿ ಹಡಗಲ್ಲಿ ಬಂದದ್ದು. ಒಂದೊಂದು ಸ್ಕ್ರೂನೂ ಅಲ್ಲಿಂದೇ.”

ಎತ್ತರದ ಡೀಸೆಲ್ ಗಾಡಿ, ನಾಲ್ಕೂ ಗಾಲಿಗೆ ಎಳೆತ ಇರುವಂಥದ್ದು. ಗೋವಾದಲ್ಲಿ ಇಬ್ಬರ ಕೈ ದಾಟಿ ಬಂದಿತ್ತು, ಬಣ್ಣ ಮಾತ್ರ ಹೊಸದು. ಚಾಲಕನ ತಲೆಯ ಮೇಲಿನ ಪಟ್ಟಿಯಲ್ಲಿ ಜಪಾನಿ ಅಕ್ಷರಗಳಿದ್ದವು. ವಕೀಲರು ಓದಲು ಬರುವವರ ಹಾಗೆ ಅವುಗಳ ಮೇಲೆ ಬೆರಳಾಡಿಸುತ್ತಿದ್ದರು. ಕೀ ತಿರುಗಿಸಿದರೆ ಒಬ್ಬ ಹೆಣ್ಣುಮಗಳ ದನಿ ಒಳಗಿನಿಂದ ಏನೋ ಹೇಳುತ್ತಿತ್ತು. “ಸ್ವಾಗತ ಹೇಳ್ತದೆ,” ಎಂದು ವಕೀಲರು ಅರ್ಥ ಹೇಳಿದರು. ಅದು ಬೈಯುತ್ತಿದ್ದರೂ ಅವರು ಕೈ ಮುಗಿಯುತ್ತಿದ್ದರು.

ಜಪಾನಿ ಗಾಡಿಗೆ ಬರುವ ರೋಗ ಬೇರೆ ಗಾಡಿಗೂ ಬರುವಂಥದ್ದೇ. ಮೊದಲ ತಿಂಗಳು ಹೆಡ್‌ಲೈಟು ಮಿಣುಕತೊಡಗಿತು. ಅರ್ತ್ ವೈರಿನ ಬುಡ ತುಕ್ಕು ಹಿಡಿದಿತ್ತು, ಉಜ್ಜಿ ಬಿಗಿದೆ. ಎಸಿಯಿಂದ ವಾಸನೆ ಬಂತು. ಒಳಗೆ ಇಲಿ ಗೂಡು ಕಟ್ಟಿತ್ತು, ತೆಗೆದೆ. ಎಂಜಿನ್ ಬಿಸಿಯ ಮುಳ್ಳು ಮೇಲೇಳುತ್ತಲೇ ಇರಲಿಲ್ಲ. ಗೋವಾದ ಯಾರೋ ಪುಣ್ಯಾತ್ಮ ಥರ್ಮೋಸ್ಟಾಟನ್ನೇ ಕಿತ್ತು ಎಸೆದಿದ್ದ, ಹೊಸದು ಹಾಕಿದೆ. ಪ್ರತಿ ಸಲವೂ ವಕೀಲರು ಪಕ್ಕದಲ್ಲಿ ನಿಂತು ಮೊಬೈಲಿನಲ್ಲಿ ವಿಡಿಯೋ ನೋಡುತ್ತ, “ಅದನ್ನು ಹಾಗೆ ಬಿಚ್ಚೋದಲ್ಲ, ಇಲ್ಲಿ ಬೇರೆ ಥರ ತೋರಿಸ್ತಿದಾರೆ,” ಅನ್ನುತ್ತಿದ್ದರು. ನಾನು ಬಿಚ್ಚಿ ಮುಗಿಸಿರುತ್ತಿದ್ದೆ.

ಆಮೇಲೆ ಗಾಡಿ ದಾರಿಯಲ್ಲಿ ನಿಲ್ಲಲು ಶುರುವಾಯಿತು. ವಕೀಲರಿಗೆ ಸಿದ್ದಾಪುರ, ಯಲ್ಲಾಪುರ ಎರಡೂ ಕೋರ್ಟಿನಲ್ಲಿ ಕೇಸುಗಳಿದ್ದವು. ಒಂದು ಬೆಳಿಗ್ಗೆ ಸಿದ್ದಾಪುರಕ್ಕೆ ಹೊರಟವರು ಕಾನಸೂರಿನಿಂದ ಫೋನು ಮಾಡಿದರು. ಬೈಕಿನಲ್ಲಿ ಹೋದೆ. ಎಂಜಿನ್ ಉಸಿರು ಕಟ್ಟಿದ ಹಾಗೆ ಸೊರಗಿ ನಿಂತಿತ್ತಂತೆ. ಡೀಸೆಲ್ ಫಿಲ್ಟರ್ ಬದಲಿಸಿದೆ, ಲೈನಿನ ಗಾಳಿ ತೆಗೆದೆ, ಸೆಲ್ಫ್ ಹೊಡೆದೆ. ಶುರುವಾಯಿತು. “ನಿನ್ನ ಕೈಗುಣ!” ಅಂದರು ವಕೀಲರು. ನಾನೂ ನಂಬಿದೆ. ಅಷ್ಟು ಹೊತ್ತು ಸುಮ್ಮನೆ ಬಿಟ್ಟಿದ್ದರೂ ಅದು ಶುರುವಾಗುತ್ತಿತ್ತು ಎಂಬುದು ನನಗೆ ಹೊಳೆಯಲಿಲ್ಲ.

ಮುಂದಿನ ವಾರ ಟ್ಯಾಂಕು ತುಂಬಿಸಿಕೊಂಡು ಹೊರಟರು. ಈ ಸಲ ಕಾನಸೂರಿನವರೆಗೂ ಹೋಗಲಿಲ್ಲ. ಅರ್ಧ ಟ್ಯಾಂಕಿದ್ದಾಗ ಸಿದ್ದಾಪುರ ಮುಟ್ಟುತ್ತದೆ, ತುಂಬಿಸಿದರೆ ಅರ್ಧ ದಾರಿಗೇ ನಿಲ್ಲುತ್ತದೆ. ಇಷ್ಟು ಸ್ಪಷ್ಟವಾದ ಸುಳಿವು ಸಿಕ್ಕಿದರೆ ತಲೆ ಇದ್ದವನು ಯೋಚನೆ ಮಾಡುತ್ತಾನೆ. ವಕೀಲರು ಯೋಚನೆ ಮಾಡಿ ಶಿರಸಿಯ ಡೀಸೆಲ್ಲೇ ಕಲಬೆರಕೆ ಎಂದು ತೀರ್ಪು ಕೊಟ್ಟರು. ಯಲ್ಲಾಪುರದಲ್ಲಿ ತುಂಬಿಸಿದರು, ಮಂಚಿಕೇರಿಯ ಹತ್ತಿರ ನಿಂತಿತು. ಸಿದ್ದಾಪುರದ್ದನ್ನು ತುಂಬಿಸಿದರು, ಊರು ದಾಟಿ ಸ್ವಲ್ಪ ದೂರಕ್ಕೇ ನಿಂತಿತು. ಆಗ ಮೂರು ತಾಲೂಕಿನ ಡೀಸೆಲ್ಲೂ ಕಲಬೆರಕೆ ಅಂದರು. ನಾನು ಹೌದು ಹೌದು ಅಂದೆ. ಕಾರಣ ನನಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಮರ್ಯಾದೆಯೂ ಇರಲಿಲ್ಲ.

ಕೊನೆಗೆ ಹುಬ್ಬಳ್ಳಿಯಿಂದ ಒಬ್ಬ ತಜ್ಞ ಬಂದ. ಇಸ್ತ್ರಿ ಮಾಡಿದ ಅಂಗಿ, ಬಗಲಲ್ಲಿ ಲ್ಯಾಪ್‌ಟಾಪು. ಗಾಡಿಗೆ ವೈರು ಚುಚ್ಚಿ ಒಂದು ತಾಸು ಪರದೆ ನೋಡಿದ. ಆ ಗಾಡಿ ಅವನ ಲ್ಯಾಪ್‌ಟಾಪಿಗೆ ಒಂದು ಮಾತನ್ನೂ ಹೇಳಲಿಲ್ಲ. ಕೈಗೆ ಗ್ರೀಸು ತಾಗಿಸಿಕೊಳ್ಳದೆ, ಗಾಡಿಯ ಅಡಿಗೆ ಒಮ್ಮೆಯೂ ಬಗ್ಗದೆ ಅವನೆಂದ:

“ಪಂಪ್ ಹೋಗೇತ್ರಿ ಸರ. ಇಲ್ಲಿ ಸಿಗೂದಿಲ್ಲ. ದುಬೈಯಿಂದ ತರಸಬೇಕು.”

ವಕೀಲರ ಮುಖ ಅರಳಿತು. ಗಾಡಿ ಕೆಟ್ಟದ್ದು ಅವರಿಗೆ ದುಃಖವೇ ಅಲ್ಲ, ದುಬೈವರೆಗೆ ಹೋಗುವಷ್ಟು ಘನವಾಗಿ ಕೆಟ್ಟಿದೆ ಎಂಬುದು ಹೆಮ್ಮೆ. ಆ ವಾರವಿಡೀ ಕೋರ್ಟಿನ ಕ್ಯಾಂಟೀನಿನಲ್ಲಿ ದುಬೈ ಪಂಪಿನದೇ ಮಾತಂತೆ. ನನ್ನನ್ನು ನೋಡಿದಾಗ, “ಪಾಪ, ನಿಂಗೆ ಗೊತ್ತಾಗೋ ವಿಷಯ ಅಲ್ಲ ಅದು,” ಎಂದು ಸಮಾಧಾನ ಮಾಡಿದರು. ನಾನು ಹಲ್ಲು ಕಚ್ಚಿಕೊಂಡು ನಕ್ಕೆ.

ಪಂಪು ಬರುವುದರೊಳಗೆ ಮತ್ತೊಂದು ಫೋನು ಬಂತು. ವಕೀಲರ ಹೆಂಡತಿಯ ತವರು ಮಾಗೋಡಿನ ಕಡೆ. ಅಲ್ಲಿ ಊಟ ಮುಗಿಸಿ, ಯಲ್ಲಾಪುರದಲ್ಲಿ ಟ್ಯಾಂಕು ತುಂಬಿಸಿಕೊಂಡು ಗಂಡ ಹೆಂಡತಿ ಬರುತ್ತಿದ್ದರು. ಮಂಚಿಕೇರಿ ದಾಟುವ ಮೊದಲೇ ಗಾಡಿ ನಿಂತಿತ್ತು. ನಾನು ಹೋದಾಗ ಮಧ್ಯಾಹ್ನದ ಬಿಸಿಲು. ಅವರ ಹೆಂಡತಿ ಮೋರಿಯ ಕಟ್ಟೆಯ ಮೇಲೆ ಕೂತಿದ್ದರು, ಮಡಿಲಲ್ಲಿ ಮಲ್ಲಿಗೆ ಗಿಡ ನೆಟ್ಟ ಒಂದು ಪ್ಲಾಸ್ಟಿಕ್ ಕೊಟ್ಟೆ. ನನ್ನನ್ನು ಅವರು ಮೊದಲ ಸಲ ಕಂಡದ್ದು ಅಂದೇ.

“ಯಂಗೆ ಬಸ್ಸೇ ಅಡ್ಡಿಲ್ಲೆ. ಆನು ಬಸ್ಸಿಗೆ ಹೋಗ್ತೆ,” ಎಂದು ಮನೆಮಾತಿನಲ್ಲಿ ಗಂಡನಿಗೆ ಹೇಳುತ್ತಿದ್ದರು.

“ಬಸ್ಸು ಎಂತಕ್ಕೆ? ಈಗ ಹುಬ್ಬಳ್ಳಿಗೆ ಕೇಳ್ತೆ, ತಡಿ,” ಎಂದ ವಕೀಲರು ಸಿಗ್ನಲ್ಲು ಹುಡುಕುತ್ತ ತಿರುವಿನ ಆಚೆ ಹೋದರು.

ನಾನು ಬಾನೆಟ್ ಎತ್ತಿ ಫಿಲ್ಟರಿನ ಮೇಲಿನ ಕೈಪಂಪು ಒತ್ತಿದೆ. ಒತ್ತಿದ್ದು ಕೆಳಗೇ ಕಚ್ಚಿಕೊಂಡಿತು, ಮೇಲೆ ಬರಲಿಲ್ಲ. ಹಿಂದಿನ ಸಲವೂ ಹೀಗೇ ಆಗಿತ್ತು. ಜಪಾನಿನವರು ಹೀಗೇ ಮಾಡಿರಬೇಕು ಎಂದುಕೊಂಡು ಬಿಟ್ಟಿದ್ದೆ. ಇಪ್ಪತ್ತೈದು ವರ್ಷದ ಅನುಭವ ನನ್ನದು!

ವಕೀಲರ ಹೆಂಡತಿ, ಅಮ್ಮ ಅಂತಲೇ ಅನ್ನುತ್ತೇನೆ ನಾನು, ಎದ್ದು ಬಂದು ಪಕ್ಕದಲ್ಲಿ ನಿಂತರು. “ಡೀಸೆಲ್ ಹಾಕುವಾಗ ಮುಚ್ಚಳ ತೆಗೆದ್ರೆ ಸುಂಯ್ ಅಂತದೆ. ಪ್ರತಿ ಸಲ. ಅದಕ್ಕೂ ಇದಕ್ಕೂ ಸಂಬಂಧ ಇರಬಹುದಾ?”

“ಇದು ಜಪಾನಿ ಸಿಸ್ಟಮ್ ಅಮ್ಮ. ನಿಮಗೆ ಗೊತ್ತಾಗೂದಿಲ್ಲ ಬಿಡ್ರಿ,” ಅಂದೆ. ವಕೀಲರು ನನಗೆ ಹೇಳಿದ್ದ ಮಾತನ್ನೇ ನಾನು ಅವರಿಗೆ ಹೇಳಿದ್ದೆ.

ಅವರು ಬಿಡಲಿಲ್ಲ. “ಎಣ್ಣೆ ಡಬ್ಬಿಗೆ ಒಂದೇ ತೂತು ಹೊಡೆದ್ರೆ ಎಣ್ಣೆ ಬರ್ತದಾ? ಗಾಳಿ ಹೋಗಲಿಕ್ಕೆ ಇನ್ನೊಂದು ಹೊಡೀತೇವಲ್ಲ ನಾವು? ಈ ಟ್ಯಾಂಕಿಗೆ ಗಾಳಿ ಎಲ್ಲಿಂದ ಹೋಗ್ತದೆ?”

ನನ್ನ ಉತ್ತರಕ್ಕೆ ಕಾಯಲಿಲ್ಲ. ಕೀಲಿ ತೆಗೆದುಕೊಂಡು ಹಿಂದೆ ಹೋಗಿ ಟ್ಯಾಂಕಿನ ಮುಚ್ಚಳ ತಿರುಗಿಸಿದರು. ಗಾಡಿ ಯಲ್ಲಾಪುರದಿಂದ ಕಟ್ಟಿಕೊಂಡು ಬಂದಿದ್ದ ಉಸಿರನ್ನು ಒಮ್ಮೆಗೇ ಎಳೆದುಕೊಂಡಿತು, ಮುಂದೆ ನಿಂತ ನನಗೂ ಆ ಸದ್ದು ಕೇಳಿತು. ನನ್ನ ಬೆರಳಿನ ಕೆಳಗಿದ್ದ ಕೈಪಂಪು ತಾನಾಗಿಯೇ ಮೇಲಕ್ಕೆದ್ದಿತು.

“ಈಗ ಶುರು ಮಾಡಿ ನೋಡಿ,” ಎಂದು ಕೀಲಿ ಕೊಟ್ಟರು.

ಒಂದೇ ಸೆಲ್ಫಿಗೆ ಶುರುವಾಯಿತು. ಸದ್ದು ಕೇಳಿ ವಕೀಲರು ತಿರುವಿನಿಂದ ಓಡಿ ಬಂದರು, ಫೋನು ಇನ್ನೂ ಕಿವಿಯಲ್ಲೇ.

“ಎಂತ ಆಗಿತ್ತೋ? ಎಂತ ಮಾಡ್ದೆ?”

ಅಮ್ಮ ಒಳಗೆ ಕೂತು ಗಿಡದ ಕೊಟ್ಟೆಯನ್ನು ಕಾಲ ಹತ್ತಿರ ಇಟ್ಟುಕೊಳ್ಳುತ್ತಿದ್ದರು. ಕಿಟಕಿ ತೆರೆದೇ ಇತ್ತು. ನಾನಂದೆ:

“ಟ್ಯಾಂಕಿಗೆ ಗಾಳಿ ಹೋಗ್ತಿರ್ಲಿಲ್ರಿ. ಹುಡುಕಿ ತೆಗದೆ.”

ಹುಡುಕಿ ತೆಗೆದೆನಂತೆ. ಅಮ್ಮ ತಲೆ ಎತ್ತಲಿಲ್ಲ.

ಮರುದಿನ ಗಾಡಿಯ ಅಡಿಗೆ ಮಲಗಿ ನೋಡಿದೆ. ಟ್ಯಾಂಕಿನ ಗಾಳಿಯ ಪೈಪು ಮೇಲಕ್ಕೆ ಹೋಗಿ ಚಾಸಿಯ ಮೂಲೆಯಲ್ಲಿ ಬಾಯಿ ತೆರೆಯುತ್ತದೆ. ಆ ಬಾಯಿಗೆ ಕುಂಬಾರ ಹುಳ ಮಣ್ಣು ಮೆತ್ತಿ ಗೂಡು ಕಟ್ಟಿತ್ತು. ಗಾಳಿ ನೂಲಿನಷ್ಟು ಮಾತ್ರ ನುಸುಳುತ್ತಿತ್ತು, ಟ್ಯಾಂಕು ತುಂಬಿದಷ್ಟೂ ಒಳಗೆ ಗಾಳಿ ಕಡಿಮೆ, ಅಷ್ಟು ಬೇಗ ಉಸಿರು ಕಟ್ಟುತ್ತಿತ್ತು. ತಂತಿ ಹಾಕಿ ಕೆರೆದೆ, ಗಾಳಿ ಊದಿದೆ. ಹತ್ತು ನಿಮಿಷದ ಕೆಲಸ. ವಕೀಲರು ಆ ಮಣ್ಣಿನ ಫೋಟೋ ತೆಗೆದು ಹುಬ್ಬಳ್ಳಿಯ ತಜ್ಞನಿಗೆ ಕಳಿಸಿದರು. ಅವನು ಕೂಡಲೇ ಉತ್ತರ ಬರೆದ: ‘ನನಗೂ ಅದೇ ಡೌಟ್ ಇತ್ತು ಸರ್.’ ಓದಿದವನೇ ನೆಲಕ್ಕೆ ಉಗುಳಿದೆ. ದುಬೈ ಪಂಪಿನ ಮಾತು ಅಲ್ಲಿಗೆ ನಿಂತಿತು. ಈಗ ಕ್ಯಾಂಟೀನಿನಲ್ಲಿ ನನ್ನ ಮಾತಂತೆ: ಹುಬ್ಬಳ್ಳಿಯವರಿಗೆ ಆಗದ್ದನ್ನು ನಮ್ಮ ಶಿರಸಿಯ ಮೇಸ್ತ್ರಿ ಕಂಡುಹಿಡಿದ ಎಂದು. ಕೇಳಿ ಬಂದವರು ನನ್ನ ಬೆನ್ನು ತಟ್ಟಿದರು. ನಾನು ತಟ್ಟಿಸಿಕೊಂಡೆ. ಆ ತಜ್ಞನಿಗೂ ನನಗೂ ಅಂಗಿಯದಷ್ಟೇ ವ್ಯತ್ಯಾಸ.

ಗಾಡಿ ಆಮೇಲೆ ನಿಲ್ಲಲಿಲ್ಲ. ಎರಡು ತಿಂಗಳ ನಂತರ ಅಮ್ಮ ತಮ್ಮ ಸ್ಕೂಟರ್ ತೆಗೆದುಕೊಂಡು ಗ್ಯಾರೇಜಿಗೆ ಬಂದರು. ಒಬ್ಬರೇ ಇದ್ದರು. ಹೇಳಿಬಿಡಬೇಕು ಅನ್ನಿಸಿತು.

“ಅಮ್ಮ, ಅವತ್ತು ಮಂಚಿಕೇರಿ ಹತ್ರ ನಾನು ಆಡಿದ ಮಾತು...”

“ಹೌದು, ಇವರು ಹೇಳ್ತಿರ್ತಾರೆ, ನೀವು ಬಹಳ ಹುಷಾರಿ ಅಂತ,” ಅಂದರು. ಮುಖದಲ್ಲಿ ನಗೆಯೂ ಇಲ್ಲ, ಸಿಟ್ಟೂ ಇಲ್ಲ. “ಹಿಂದಿನ ಬ್ರೇಕು ಹಿಡಿಯೋದಿಲ್ಲ. ಕೇಬಲ್ಲು ಸಡಿಲ ಆದಹಾಗೆ ಕಾಣ್ತದೆ. ಅದೊಂದು ಬಿಗಿ ಮಾಡಿ ಕೊಡಿ, ಸಾಕು.”

ನಾನು ಕೂತು ನೋಡಿದೆ. ಅವರು ಹೇಳಿದಷ್ಟೇ ಆಗಿತ್ತು. ನಟ್ಟು ತಿರುಗಿಸಿ ಕೇಬಲ್ಲು ಬಿಗಿದು ಕೊಟ್ಟೆ. ಅವರು ಸ್ಕೂಟರನ್ನು ನಾಲ್ಕು ಮಾರು ಮುಂದೆ ಓಡಿಸಿ, ಬ್ರೇಕು ಹಿಡಿದು ನೋಡಿ, ಹಾಗೇ ಪೇಟೆಯ ಕಡೆ ಹೋದರು.